ನಿಲ್ಲದ ಬಸ್ಸಿನ ಅನುವಾದ

ಕೊಪ್ಪದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಇಂಗ್ಲಿಷ್ ಓದುತ್ತಿದ್ದ ನಯನಳಿಗೆ ಮೈಸೂರಿನ ಅನುವಾದ ಶಿಬಿರದ ವಿಷಯ ಗೊತ್ತಾದದ್ದು ಮಲ್ಲಿಕಾ ಮೇಡಂ ತರಗತಿಯ ವಾಟ್ಸ್ಯಾಪ್ ಗುಂಪಿಗೆ ಹಾಕಿದ ಪ್ರಕಟಣೆಯಿಂದ. ಎಂಟು ದಿನದ ಶಿಬಿರ. ಊಟ, ವಸತಿ ಅವರದೇ. ಹೆಸರಾಂತ ಅನುವಾದಕರು ಬಂದು ಕಲಿಸುತ್ತಾರೆ. ಇಡೀ ರಾಜ್ಯಕ್ಕೆ ಹನ್ನೆರಡೇ ಸೀಟು. ಅರ್ಜಿಯ ಜೊತೆ ಎಲ್ಲೂ ಅಚ್ಚಾಗದ ಒಂದು ಕನ್ನಡ ಬರಹದ ಇಂಗ್ಲಿಷ್ ಅನುವಾದ ಮತ್ತು ಮೂಲ ಬರೆದವರ ಒಪ್ಪಿಗೆ ಪತ್ರ ಇರಬೇಕು.

“ಅಚ್ಚಾಗದ ಬರಹ ಎಲ್ಲಿಂದ ತರೋದು ಮೇಡಂ?” ಎಂದು ನಯನ ಕೇಳಿದಳು.

“ಬರೆಯೋರು ಎಲ್ಲಾ ಊರಲ್ಲೂ ಇರ್ತಾರೆ. ಹೇಳ್ಕೊಳಲ್ಲ ಅಷ್ಟೆ. ವಿಚಾರಿಸಿ ನೋಡು” ಎಂದರು ಮಲ್ಲಿಕಾ.

ವಿಚಾರಿಸುವ ಅಗತ್ಯ ಬೀಳಲಿಲ್ಲ. ಕಮ್ಮರಡಿಯಲ್ಲಿ ಅವಳ ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲೇ ಬೈರಪ್ಪ ಇದ್ದರು. ಅಪ್ಪನಿಗೆ ದಾಯಾದಿ ಅಣ್ಣ, ಇವಳಿಗೆ ದೊಡ್ಡಪ್ಪ. ಶೃಂಗೇರಿಯಿಂದ ಕೊಪ್ಪದ ಮೇಲೆ ನರಸಿಂಹರಾಜಪುರಕ್ಕೆ ಹೋಗುತ್ತಿದ್ದ ಖಾಸಗಿ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವರು. ಊಟವಾದ ಮೇಲೆ ಹಳೇ ಡೈರಿಗಳಲ್ಲಿ ಏನೋ ಗೀಚುವುದು ಅವರ ಅಭ್ಯಾಸವೆಂದು ಮನೆಯವರಿಗೆಲ್ಲ ಗೊತ್ತಿತ್ತು. ಏನು ಬರೆಯುತ್ತಾರೆಂದು ಯಾರೂ ಕೇಳಿರಲಿಲ್ಲ. ಅವರ ಹೆಂಡತಿ ರಾಧಮ್ಮನೂ ಕೇಳಿರಲಿಲ್ಲ.

ನಯನ ಕೇಳಿದಾಗ ಬೈರಪ್ಪ ಮೊದಲು ನಕ್ಕುಬಿಟ್ಟರು. “ಅದೆಲ್ಲ ಎಂತ ಸಾಹಿತ್ಯ ಮಾರಾಯ್ತಿ? ಬಸ್ಸಲ್ಲಿ ಕಂಡಿದ್ದು ಬರ್ದಿಟ್ಟಿದೀನಿ.” ಆದರೆ ಮಾರನೇ ದಿನ ತಾವಾಗಿಯೇ ಒಂದು ಡೈರಿ ಹಿಡಿದುಕೊಂಡು ಬಂದರು. ಅದರಲ್ಲಿ ಏಳು ಪುಟದ ಒಂದು ಬರಹಕ್ಕೆ ಕಾಗದದ ಚೂರು ಇಟ್ಟಿದ್ದರು.

ಅದು ಇಪ್ಪತ್ತೆರಡು ವರ್ಷದ ಹಿಂದಿನ ಒಂದು ಬೆಳಗ್ಗೆಯ ಕಥೆ. ಕೊಪ್ಪ ದಾಟಿ ಕಾಡು ಶುರುವಾಗುವ ತಿರುವಿನಲ್ಲಿ ಒಬ್ಬ ಹೆಂಗಸು ಕೈ ಅಡ್ಡ ಹಾಕುತ್ತಾಳೆ. ಹೆಗಲ ಮೇಲೆ ಕಂಬಳಿ ಸುತ್ತಿದ ಮಗು. ಮಗುವಿನ ಕಾಲು ಜೋತು ಬಿದ್ದಿದೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಹೊತ್ತೂ ಮೀರಿದೆ. ಹತ್ತೇ ನಿಮಿಷಕ್ಕೆ ಹಿಂದೆ ಇನ್ನೊಂದು ಬಸ್ಸಿದೆ. ಡ್ರೈವರು ಬ್ರೇಕಿನ ಮೇಲೆ ಕಾಲಿಟ್ಟು ಕನ್ನಡಿಯಲ್ಲಿ ಬೈರಪ್ಪನ ಮುಖ ನೋಡುತ್ತಾನೆ. ಇವರು “ರೈಟ್ ರೈಟ್” ಅನ್ನುತ್ತಾರೆ. ನರಸಿಂಹರಾಜಪುರದ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ತಿಳಿಯುತ್ತದೆ: ಹಿಂದಿನ ಬಸ್ಸು ಆ ದಿನ ಹೊರಟೇ ಇಲ್ಲ. ಬರಹ ಅಲ್ಲಿಗೆ ನಿಲ್ಲುತ್ತದೆ. ಕೊನೆಯ ಸಾಲು: ‘ಆಕೆ ಯಾರು, ಮಗು ಏನಾಯಿತು, ನನಗೆ ಇವತ್ತಿಗೂ ಗೊತ್ತಿಲ್ಲ.’

ನಯನಳಿಗೆ ಓದಿ ಮುಗಿಸಿದ ಮೇಲೆ ಎಷ್ಟೋ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ. ಬೈರಪ್ಪ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಕೊಟ್ಟರು. ಒಂದೇ ಷರತ್ತು: “ಕಳ್ಸೋಕೆ ಮುಂಚೆ ಒಂದ್ಸಲ ನಂಗೆ ಓದಿ ಹೇಳ್ಬೇಕು.”

ಎರಡು ವಾರ ಅವಳು ಅದರಲ್ಲೇ ಮುಳುಗಿದಳು. ‘ಜೋತು ಬಿದ್ದ ಕಾಲು’ ಎಂಬುದಕ್ಕೇ ಒಂದು ಸಂಜೆ ಹೋಯಿತು. ಆದರೆ ಕೊನೆಯ ಪುಟಕ್ಕೆ ಬಂದಾಗೆಲ್ಲ ಅವಳ ಕೈ ಮುಂದೆ ಹೋಗುತ್ತಿರಲಿಲ್ಲ. ದೊಡ್ಡಪ್ಪ ಅವಳನ್ನು ಚಿಕ್ಕಂದಿನಲ್ಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಟ್ಟವರು. ಗೊತ್ತಿಲ್ಲದ ಊರಿನ, ಗೊತ್ತಿಲ್ಲದ ಜನ ಅವರನ್ನು ಕಲ್ಲೆದೆಯವರು ಅಂದುಕೊಳ್ಳುತ್ತಾರಲ್ಲ ಎಂದು ಸಂಕಟವಾಯಿತು. ಅರ್ಜಿಯ ಕೊನೆಯ ದಿನ ಮಧ್ಯಾಹ್ನ, ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕೂತು, ಕೊನೆಯ ಪುಟ ಬದಲಾಯಿಸಿದಳು. ಅವಳ ಇಂಗ್ಲಿಷಿನಲ್ಲಿ ಬಸ್ಸು ತಿರುವು ದಾಟಿದ ಮೇಲೆ ನಿಂತಿತು. ಕಂಡಕ್ಟರು ಇಳಿದು ಓಡಿ ಬಂದು ಮಗುವನ್ನು ಎತ್ತಿಕೊಂಡ. ಷರತ್ತು ನೆನಪಿತ್ತು, ಆದರೆ ಊರಿಗೆ ಹೋಗಿ ಬರಲು ಸಮಯವಿರಲಿಲ್ಲ. ಬಟನ್ ಒತ್ತಿಬಿಟ್ಟಳು.

ಫೆಬ್ರವರಿ ಮೊದಲ ವಾರ ಪಟ್ಟಿ ಬಂತು. ಹನ್ನೆರಡು ಹೆಸರಲ್ಲಿ ಅವಳದು ಐದನೆಯದು. ಕೆಳಗೆ ತೀರ್ಪುಗಾರರ ಒಂದು ಸಾಲು: ‘ಕೊನೆಯ ದೃಶ್ಯದ ಮಾನವೀಯತೆ ಮನಸ್ಸಿನಲ್ಲಿ ಉಳಿಯುತ್ತದೆ.’ ಶಿಬಿರಕ್ಕೆ ಮೊದಲು ಶಿಬಿರದವರೇ ಶೃಂಗೇರಿಯಲ್ಲಿ ನಡೆಸುವ ಅಂತರ ಕಾಲೇಜು ಸಾಹಿತ್ಯ ದಿನದಲ್ಲಿ ಅವಳು ಅದನ್ನು ಓದಬೇಕು ಎಂದೂ ಇತ್ತು. ಆ ಖುಷಿಯಲ್ಲಿ ಅವಳು ಸಂಜೆ ನೇರ ದೊಡ್ಡಪ್ಪನ ಮನೆಗೆ ಹೋದಳು.

ರಾಧಮ್ಮ ಜಗಲಿಯಲ್ಲಿ ಅಕ್ಕಿ ಹಪ್ಪಳ ತಿರುವಿ ಹಾಕುತ್ತಿದ್ದರು. ಬೈರಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತರು. “ಓದು ನೋಡನ. ಇಂಗ್ಲಿಷಲ್ಲೇ ಓದು. ನಂದು ಆ ಭಾಷೇಲಿ ಹೆಂಗೆ ಕೇಳ್ಸುತ್ತೆ ಅಂತ ಗೊತ್ತಾಗ್ಲಿ.”

ಅವಳು ಓದಿದಳು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೊನೆಯ ಪುಟದಲ್ಲಿ ಒಮ್ಮೆಲೇ ಕಣ್ಣು ತೆರೆದರು.

“ಸ್ಟಾಪ್ಡ್ ಅಂದ್ಯಲ್ಲ? ಎಂತ ಸ್ಟಾಪ್?”

ನಯನ ಕೈಯಲ್ಲಿದ್ದ ಹಾಳೆ ಕೆಳಗಿಳಿಸಿದಳು.

“ನಂಗೆ ಬೇರೆ ಇಂಗ್ಲಿಷ್ ಬರ್ದೇ ಇರ್ಬೋದು. ಸ್ಟಾಪು, ರೈಟು ಎರಡೂ ಗೊತ್ತು. ಎಂತ ನಿಲ್ತು?”

“ಬಸ್ಸು, ದೊಡ್ಡಪ್ಪ.”

“ಬಸ್ಸು ನಿಲ್ಲಿಲ್ಲ” ಎಂದರು ಬೈರಪ್ಪ. ದನಿ ಏರಲಿಲ್ಲ. “ಇಪ್ಪತ್ತೆರಡು ವರ್ಷದಿಂದ ಆ ತಿರುವಲ್ಲಿ ನಾನು ನಿಲ್ಸೋಕೆ ನೋಡ್ತಾ ಇದೀನಿ. ಆಗ್ಲಿಲ್ಲ. ನೀನು ಒಂದು ಗೆರೇಲಿ ನಿಲ್ಸ್ಬಿಟ್ಯಲ್ಲ ಮಗಾ.”

ಅವಳಿಗೆ ಅಳು ಬಂತು. “ನಿಮ್ಮನ್ನ ಯಾರೂ ಕೆಟ್ಟೋರು ಅಂದ್ಕೋಬಾರ್ದು ಅಂತ...”

“ಅಂದ್ಕೊಳ್ಲಿ ಅಂತ್ಲೇ ಬರ್ದಿದ್ದು.”

ಹಪ್ಪಳ ಬಿಟ್ಟು ಎದ್ದು ಬಂದ ರಾಧಮ್ಮ ಗಂಡನ ಮುಖ ನೋಡುತ್ತಾ ನಿಂತರು. “ಅದಕ್ಕೇನಾ ನೀವು ಆಮೇಲೆ ಯಾರು ಕೈ ಎತ್ತಿದ್ರೂ ಬಸ್ಸು ನಿಲ್ಲಿಸ್ತಿದ್ದಿದ್ದು? ಓನರ್ ಮನೆವರೆಗೂ ಬಂದು ಬೈದು ಹೋಗಿದ್ರಲ್ಲ. ನಾನೂ ಬೈದಿದ್ದೆ.” ಬೈರಪ್ಪ ತಲೆಯಾಡಿಸಿದರು. ರಾಧಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಅವರ ಪಕ್ಕದ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಸ್ವಲ್ಪ ಹೊತ್ತಾದ ಮೇಲೆ ಬೈರಪ್ಪನೇ ಮೆತ್ತಗಾದರು. “ಹೋಗ್ಲಿ ಬಿಡು. ನಿನ್ನ ಹೆಸ್ರು ಬಂದಿದೆ. ಮೈಸೂರಿಗೆ ಹೋಗಿ ಬಾ. ನಾವು ಮೂರು ಜನ ಬಿಟ್ರೆ ಯಾರಿಗೆ ಗೊತ್ತಾಗುತ್ತೆ?”

ಹಾಗೆ ಅವರು ಅಂದದ್ದೇ ನಯನಳಿಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು. ಮಾರನೇ ದಿನ ಸ್ಟಾಫ್ ರೂಮಿಗೆ ಹೋಗಿ ಎಲ್ಲ ಹೇಳಿದಳು. ಮಲ್ಲಿಕಾ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಮ್ಮ ಕಾಲೇಜಿಂದ ಇಷ್ಟು ವರ್ಷದಲ್ಲಿ ಆಯ್ಕೆ ಆಗಿರೋಳು ನೀನೊಬ್ಳೇ. ಹೇಳಿದ್ರೆ ಸೀಟು ಹೋಗ್ಬಹುದು, ಗೊತ್ತಲ್ಲ?”

“ಗೊತ್ತು ಮೇಡಂ. ಅಲ್ಲಿ ಎಂಟು ದಿನ ಕೂತು ಅನುವಾದ ಹೇಗೆ ಮಾಡ್ಬೇಕು ಅಂತ ಕೇಳೋಕೆ ನಂಗೆ ಮುಖ ಇರಲ್ಲ.”

ಮಲ್ಲಿಕಾ ಕುರ್ಚಿ ಎಳೆದುಕೊಟ್ಟು, “ಕೂತ್ಕೋ. ಪತ್ರ ಬರೆಯೋಣ. ನೆಪ ಹೇಳೋದು ಬೇಡ, ಆಗಿದ್ದನ್ನ ಆಗಿದ್ದ ಹಾಗೆ ಬರಿ” ಎಂದರು. ಪತ್ರದ ಜೊತೆ ಮೂಲಕ್ಕೆ ಸರಿಯಾದ ಹೊಸ ಅನುವಾದವನ್ನೂ ಕಳಿಸಿದರು.

ನಾಲ್ಕನೇ ದಿನ ಶಿಬಿರದ ಸಂಚಾಲಕ ಸುಂದರೇಶ್ ಫೋನ್ ಮಾಡಿದರು. ಗಡುವು ಮುಗಿದ ಮೇಲೆ ಬರಹ ಬದಲಿಸಲು ನಿಯಮದಲ್ಲಿ ಅವಕಾಶವಿಲ್ಲ; ಸೀಟು ಪಟ್ಟಿಯ ಮುಂದಿನವರಿಗೆ ಹೋಗುತ್ತದೆ. “ಬೇಜಾರಾಯ್ತಮ್ಮ, ಆದ್ರೆ ಮಾಡೋ ಹಾಗಿಲ್ಲ” ಎಂದರು. ಆಮೇಲೆ ಕೇಳಿದರು: “ಶೃಂಗೇರಿ ಕಾರ್ಯಕ್ರಮದಲ್ಲಿ ನಿಮ್ಮ ಹತ್ತು ನಿಮಿಷ ಹಾಗೇ ಇದೆ. ಬರ್ತೀರಾ? ಮೂಲ ಬರೆದವರನ್ನೂ ಕರ್ಕೊಂಡು ಬಂದ್ರೆ ಒಳ್ಳೇದು.”

ನಯನ ಆ ಮಧ್ಯಾಹ್ನ ಊಟ ಮಾಡಲಿಲ್ಲ. ಮೈಸೂರಿಗೆ ಹೋಗುವವರು ಪಟ್ಟಿಯ ಚಿತ್ರವನ್ನು ಸ್ಟೇಟಸ್ಸಿಗೆ ಹಾಕಿಕೊಂಡಿದ್ದನ್ನು ನೋಡಿ ಎರಡು ದಿನ ಫೋನನ್ನೇ ಮುಟ್ಟಲಿಲ್ಲ. ಆದರೂ ಶೃಂಗೇರಿಗೆ ಬರುತ್ತೇನೆಂದು ಹೇಳಿದಳು. ಬೈರಪ್ಪನನ್ನು ಒಪ್ಪಿಸಿದ್ದು ಮಾತ್ರ ಅವಳಲ್ಲ, ರಾಧಮ್ಮ. “ನಾನೂ ಬರ್ತೀನಿ, ನಡೀರಿ” ಎಂದು ಅವರ ಬಿಳಿ ಅಂಗಿಯನ್ನು ತಾವೇ ಇಸ್ತ್ರಿ ಮಾಡಿಟ್ಟರು.

ಸಭಾಂಗಣದಲ್ಲಿ ಎಂಬತ್ತು ಜನ ಇದ್ದಿರಬಹುದು; ಮೂರು ತಾಲ್ಲೂಕಿನ ಇಂಗ್ಲಿಷ್ ವಿದ್ಯಾರ್ಥಿಗಳು, ಅವರ ಮೇಷ್ಟ್ರುಗಳು. ಬೈರಪ್ಪ ವೇದಿಕೆ ಹತ್ತಿ ಮೈಕನ್ನು ಎರಡು ಕೈಯಲ್ಲಿ ಹಿಡಿದರು. ಮೊದಲ ಪುಟದಲ್ಲಿ ಎರಡು ಸಲ ತಡವರಿಸಿದರು. ಮಗುವಿನ ಕಾಲಿನ ಹತ್ತಿರ ಬಂದಾಗ ದನಿ ಸರಿಯಾಯಿತು. ಕೊನೆಯ ಸಾಲು ಓದಿ ಡೈರಿ ಮಡಚಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಯನ ಮುಂದೆ ಬಂದು ಇಂಗ್ಲಿಷಿನಲ್ಲಿ ಓದಿದಳು. ಬಸ್ಸು ಈ ಸಲ ನಿಲ್ಲಲಿಲ್ಲ. ಓದಿ ಮುಗಿಸಿದ ಮೇಲೆ ತನ್ನ ಮೊದಲ ಅನುವಾದದಲ್ಲಿ ಏನು ಮಾಡಿದ್ದೆ ಎಂಬುದನ್ನೂ ಎರಡು ಮಾತಿನಲ್ಲಿ ಹೇಳಿದಳು. ಆಗ ಚಪ್ಪಾಳೆ ಬಿತ್ತು.

ತನ್ಮಯಿ ಎಂಬ ಹುಡುಗಿ ಹಿಂದಿನ ಸಾಲಿನಿಂದ ಎದ್ದು ಕೇಳಿದಳು: “ಸರ್, ಆಮೇಲೆ ನೀವು ಅವರನ್ನ ಹುಡುಕಿದ್ರಾ?”

“ಹುಡುಕಿದೆ. ರಜೆ ಇದ್ದ ಮೂರು ದಿನ ಆ ತಿರುವಲ್ಲಿ ಇಳಿದು ಮನೆ ಮನೆ ಕೇಳ್ದೆ. ತೋಟದ ಕೆಲ್ಸಕ್ಕೆ ಬಂದೋರಿರ್ಬೋದು, ಹೋಗಿರ್ಬೋದು ಅಂದ್ರು. ಅದನ್ನ ಬರೀಲಿಲ್ಲ. ಬರೆದ್ರೆ ನಂಗೆ ನಾನೇ ಒಳ್ಳೇ ಮಾರ್ಕು ಕೊಟ್ಕೊಂಡಂಗೆ ಆಗ್ತಿತ್ತು.”

ನಯನಳಿಗೆ ಅದು ಗೊತ್ತಿರಲಿಲ್ಲ. ಏಳು ಪುಟದಲ್ಲಿ ಅವರು ಬಿಟ್ಟದ್ದು ಎಷ್ಟಿದೆ ಎಂದು ಅವಳು ಮೊದಲ ಸಲ ಯೋಚಿಸಿದಳು.

ಚಹಾದ ಹೊತ್ತಿಗೆ ಸುಂದರೇಶ್ ಹತ್ತಿರ ಬಂದರು. ತಾವು ಪಾಠ ಮಾಡುವ ಇಂಗ್ಲಿಷ್ ವಿಭಾಗದ ವಿದ್ಯಾರ್ಥಿ ಪತ್ರಿಕೆಯಲ್ಲಿ ಎರಡೂ ಭಾಷೆಯನ್ನು ಎದುರು ಬದುರು ಪುಟದಲ್ಲಿ ಅಚ್ಚು ಹಾಕುತ್ತೇವೆ, ಇನ್ನೂ ಇದ್ದರೆ ಕಳಿಸಿ ಎಂದರು. ಮೈಸೂರಿನ ಸೀಟಿನ ವಿಷಯ ಅವರೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಮುಂದಿನ ವರ್ಷ ಎಂ.ಎ.ಗೆ ಸೇರಿದರೆ ಮತ್ತೆ ಅರ್ಜಿ ಹಾಕಬಹುದು ಎಂದು ಮಲ್ಲಿಕಾ ಮೇಡಂ ಮಾತ್ರ ಕಿವಿಯಲ್ಲಿ ಹೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟಿನಲ್ಲಿ ಜಾಗ ಸಿಕ್ಕಿತು. ಹರಿಹರಪುರ ದಾಟಿದ ಮೇಲೆ ರಾಧಮ್ಮ ಗಂಡನ ತೊಡೆಯ ಮೇಲಿದ್ದ ಡೈರಿಯನ್ನು ಬೆರಳಿನಿಂದ ತಟ್ಟಿದರು.

“ಇದ್ರಲ್ಲಿ ನನ್ನ ವಿಷಯ ಎಂತಾದ್ರೂ ಬರ್ದಿದೀರಾ?”

ಬೈರಪ್ಪ ಕಿಟಕಿಯ ಕಡೆ ತಿರುಗಿದರು. “ಇದ್ರಲ್ಲಿಲ್ಲ. ಬೇರೆದ್ರಲ್ಲಿದೆ.”

“ಓದ್ತೀರಾ?”

“ಮನೆಗೆ ಹೋಗ್ಲಿ. ಕಾಫಿ ಕುಡ್ದು ಓದ್ತೀನಿ. ನೀನು ಬೈಬಾರ್ದು ಮತ್ತೆ.”

“ಬೈಯೋ ಹಂಗಿದ್ರೆ ಬೈತೀನಿ” ಎಂದರು ರಾಧಮ್ಮ. ನಯನ ನಕ್ಕಳು, ನಕ್ಕು, ತಾನೂ ಕೇಳಲು ಬರಬಹುದಾ ಎಂದು ಕೇಳಿದಳು.