ತೊಂಬತ್ತು ದಿನದ ಚಳಿ

"ಇವತ್ತ ಮೀನಾ ಬ್ಯಾಡ. ಇದನ್ನ ನಿನ್ನ ಐಸಿನಾಗ ಇಡ್ತಿಯೇನು?" ಎಂದು ಬಸವಂತ್ರಾಯ ಕಿಸೆಯಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದ.

ಮೀನು ಮಾರುವ ಮರಿಲಿಂಗಮ್ಮ ಕೈ ಒರೆಸಿಕೊಂಡು ಚೀಲವನ್ನು ಬೆಳಕಿಗೆ ಹಿಡಿದಳು. ಒಳಗೆ ಒದ್ದೆ ಮರಳು, ಮರಳಿನಲ್ಲಿ ನೊಣದ ರೆಕ್ಕೆಯಂಥ ರೆಕ್ಕೆ ಹೊತ್ತ ಬೀಜಗಳು.

"ಏನ್ರಿ ಸಾಹೇಬ್ರ ಇವು?"

"ಜಪಾನಿನ ಗಿಡ. ಮೇಪಲ್ ಅಂತಾರ. ತೊಂಬತ್ತು ದಿನ ಚಳಿ ತಿಂದ ಮ್ಯಾಲನ ಮೊಳಕಿ ಬರ್ತದ. ಫ್ರಿಜ್ಜಿದ್ದವರ ಮನ್ಯಾಗ ಕರೆಂಟಿಲ್ಲ. ನಿನ್ನ ಡಬ್ಬಿ ಮಾತ್ರ ಯಾವತ್ತೂ ತಣ್ಣಗಿರ್ತದ."

ಬಸವಂತ್ರಾಯ ಕಾಲುವೆ ಕಚೇರಿಯ ಗುಮಾಸ್ತ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಕಾಲುವೆ ತೋಡುವ ಕಾಲದಲ್ಲಿ ಕ್ಯಾಂಪಿನ ಗೋಡೆಯ ಮೇಲೊಂದು ಕ್ಯಾಲೆಂಡರಿತ್ತು; ಅದರಲ್ಲಿ ಕೊಳದ ದಂಡೆಗೆ ಬಾಗಿದ ಕೆಂಪು ಮರ. ಹೊರಗೆ ಡೈನಮೈಟಿಗೆ ಕಲ್ಲು ಸಿಡಿಯುವಾಗ ಅವನು ಅದನ್ನೇ ನೋಡುತ್ತ ಕೂತಿರುತ್ತಿದ್ದ. ಸಿಮ್ಲಾದ ಕಡೆ ಹೋಗಿ ನೆಲೆಸಿದ ಹಳೆಯ ಎಂಜಿನಿಯರೊಬ್ಬರು ಈಗ ಅದೇ ಮರದ ಬೀಜವನ್ನು ಲಕೋಟೆಯಲ್ಲಿ ಕಳಿಸಿದ್ದರು.

"ಈಗ ಹೋಳಿ. ತೊಂಬತ್ತು ದಿನಕ್ಕ ಮಳಿ ಹಿಡೀತದ," ಎಂದು ಮರಿಲಿಂಗಮ್ಮ ಬೆರಳು ಮಡಿಸಿದಳು. "ಪಾಡಾತು. ಬ್ಯಾಸಗ್ಯಾಗ ಹುಟ್ಟಿದ್ರ ಸಾಯ್ತಿದ್ವು."

ಚೀಲಕ್ಕೆ ಗೋಣಿಯ ತುಂಡು ಸುತ್ತಿ, ಥರ್ಮೋಕೋಲ್ ಡಬ್ಬಿಯ ಮೂಲೆಯಲ್ಲಿ ಇಟ್ಟಳು.

ಅಂದಿನಿಂದ ಬಸವಂತ್ರಾಯ ದಿನವೂ ಸಂಜೆ ಅವಳ ಮನೆಯ ಕಟ್ಟೆಗೆ ಬಂದು ಕೂರತೊಡಗಿದ. ಅವಳು ಮುಚ್ಚಳ ತೆಗೆದು ಚೀಲ ತೋರಿಸುವಳು. ತಣ್ಣನೆಯ ಉಗಿ ಇಬ್ಬರ ಮುಖಕ್ಕೂ ತಾಗುವುದು. ಊರೆಲ್ಲ ಕಾದ ಹಂಚಿನಂತಿರುವಾಗ ಅಷ್ಟು ಜಾಗದಲ್ಲಿ ಮಾತ್ರ ಬೇರೆ ಯಾವುದೋ ದೇಶದ ಬೆಳಗು. ಗಂಡ ಸತ್ತ ಮೇಲೆ ಮರಿಲಿಂಗಮ್ಮ ಇಷ್ಟು ನಿಧಾನವಾಗಿ ಯಾವುದನ್ನೂ ನೋಡಿರಲಿಲ್ಲ.

ರಾಮಸಮುದ್ರದಲ್ಲಿದ್ದ ಮಗಳ ಹೆರಿಗೆಗೆ ಹೋಗುವಾಗ ಡಬ್ಬಿಯನ್ನೂ ಬಸ್ಸಿಗೆ ಏರಿಸಿದಳು. ಅದರಿಂದ ಸೋರಿದ ನೀರು ಸೀಟಿನ ಕೆಳಗೆ ಹರಿಯಿತು.

"ಮೀನಾ ಏನಬೇ?" ಕಂಡಕ್ಟರ್ ಮೂಗು ಮುಚ್ಚಿಕೊಂಡ.

"ಮೀನಾ ಅಲ್ಲಪಾ, ಗಿಡ. ಮಲಗ್ಯಾವ."

ಎಪ್ಪತ್ತನೆಯ ದಿನ ತಮ್ಮ ದ್ಯಾವಪ್ಪ ಹೊಳೆಯಿಂದ ಮೀನು ತಂದವನು ಬುಟ್ಟಿ ಇಳಿಸಲಿಲ್ಲ. ಬಾಗಿಲಲ್ಲೇ ನಿಂತ.

"ಯಕ್ಕಾ, ಆ ಗುಮಾಸ್ತ ದಿನಾ ಬರ್ತಾನಂತ. ಮೀನಾ ಒಯ್ಯಂಗಿಲ್ಲ, ಡಬ್ಬಿ ನೋಡ್ಕೋತ ಕುಂಡ್ರತಾನಂತ. ಹೊಳಿ ದಂಡಿ ತನಕ ಮಾತು ಬಂದಾದ."

"ಬೀಜ ನೋಡಾಕ ಬರ್ತಾರ."

"ಮಂದಿ ಬೀಜ ನೋಡಲ್ಲ," ಎಂದ ದ್ಯಾವಪ್ಪ. ಡಬ್ಬಿಗೆ ಕೈ ಹಾಕಿ ಚೀಲ ಹರಿದು ಅಂಗಳಕ್ಕೆ ಬೀಸಿದ. ಬಿಸಿಲಿಗೆ ಬಿದ್ದ ಒದ್ದೆ ಮರಳು ನೋಡನೋಡುತ್ತಲೇ ಬಿಳಿಚಿಕೊಂಡಿತು.

ಮರಿಲಿಂಗಮ್ಮ ಮೊಣಕಾಲೂರಿ ಒಂದೊಂದೇ ಬೀಜ ಹುಡುಕತೊಡಗಿದಳು. ಸುಡುವ ಮಣ್ಣಿನಲ್ಲಿ ಅಂಗೈ ಕೆಂಪಾಯಿತು. ಕೋಳಿಯೊಂದು ಹತ್ತಿರ ಬಂತು, ಅದನ್ನು ಓಡಿಸಿದಳು. ದ್ಯಾವಪ್ಪ ಸ್ವಲ್ಪ ಹೊತ್ತು ನೋಡಿದ. ಅಕ್ಕ ತಲೆ ಎತ್ತದ್ದನ್ನು ಕಂಡು ಬುಟ್ಟಿಯನ್ನು ಅಲ್ಲೇ ಇಳಿಸಿ ಹೊರಟುಹೋದ. ಸಿಕ್ಕಿದ್ದು ಒಂಬತ್ತು ಬೀಜ. ಹಸಿ ಬಟ್ಟೆಯಲ್ಲಿ ಕಟ್ಟಿ ಐಸಿನ ಮೇಲಿಟ್ಟಳು. ಡಬ್ಬಿಯನ್ನು ತಲೆಯ ಮೇಲೆ ಹೊತ್ತು, ಪೇಟೆಯ ನಟ್ಟನಡುವೆ ನಡೆದು, ಕಾಲುವೆ ಕಾಲನಿಯ ಕ್ವಾರ್ಟರ್ಸ್ ತಲುಪಿದಳು. ಅಲ್ಲಿಗೆ ಅವಳು ಹಿಂದೆಂದೂ ಹೋಗಿರಲಿಲ್ಲ.

ಬಸವಂತ್ರಾಯ ಊಟದ ತಟ್ಟೆ ಬಿಟ್ಟು ಎದ್ದ. ನಡೆದದ್ದನ್ನು ಅವಳು ಎರಡೇ ಮಾತಿನಲ್ಲಿ ಹೇಳಿದಳು.

"ಇನ್ನ ಇಪ್ಪತ್ತು ದಿನ ಅದಾವ. ಡಬ್ಬಿ ಇಲ್ಲೇ ಇರ್ಲಿ. ಐಸ ನಾನ ತರ್ತೀನಿ."

"ದಿನಾ?"

"ದಿನಾ."

"ನಿನಗ ತ್ರಾಸ ಆಗ್ತದ, ಮರಿಲಿಂಗಮ್ಮ. ಮಂದಿ..."

"ಮಂದಿ ಅಂದಿದ್ದು ಆಗಿ ಹೋಗ್ಯಾದ್ರಿ. ನೀವು ಏನಂತೀರಿ, ಅದನ್ನ ಹೇಳ್ರಿ."

ಅವನು ಒಳಗೆ ಹೋಗಿ ಇನ್ನೊಂದು ತಟ್ಟೆ ತಂದು, ರೊಟ್ಟಿ ಹಾಕಿ ಅವಳ ಮುಂದಿಟ್ಟ. ಅವಳು ಕೂತು ಉಂಡಳು.

ಮಳೆ ಹಿಡಿದ ಮೇಲೆ ಬೀಜಗಳನ್ನು ಕುಂಡದಲ್ಲಿ ಊರಿದರು. ಮೂರು ವಾರ ಏನೂ ಕಾಣಲಿಲ್ಲ. ಅಷ್ಟರೊಳಗೆ ಅವರು ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮದುವೆಯಾಗಿ ಬಂದಿದ್ದರು. ಮರಿಲಿಂಗಮ್ಮನ ಮಗಳು ಕೂಸನ್ನು ಎತ್ತಿಕೊಂಡು ಬಂದಿದ್ದಳು, ದ್ಯಾವಪ್ಪ ಬರಲಿಲ್ಲ. ಒಂದು ಮುಂಜಾನೆ ಕುಂಡದಲ್ಲಿ ಒಂದೇ ಒಂದು ಮೊಳಕೆ ಬೆನ್ನು ಬಗ್ಗಿಸಿಕೊಂಡು ಎದ್ದಿತ್ತು. ಕೆಲವು ದಿನಕ್ಕೆ ಅದರ ನೆತ್ತಿಯಲ್ಲಿ ಪುಟ್ಟ ಎಲೆಯೊಂದು ಬಿಚ್ಚಿತು, ಅಂಚಿನಲ್ಲಿ ತುಸು ಕೆಂಪು.

"ಮುಂದಿನ ಬ್ಯಾಸಗಿಗಿ ಉಳೀತದೇನು?" ಎಂದ ಬಸವಂತ್ರಾಯ.

"ಇವತ್ತ ಅದ," ಎಂದಳು ಮರಿಲಿಂಗಮ್ಮ.

ಆ ದಿನ ಕಾಲುವೆಗೆ ನೀರು ಬಿಟ್ಟಿದ್ದರು. ಇಬ್ಬರೂ ಕುಂಡದ ಎರಡು ಬದಿಗೆ ಕುಕ್ಕರುಗಾಲಲ್ಲಿ ಕೂತಿದ್ದರು. ಕಾಲನಿಯ ಹಿಂದಿನಿಂದ ಹಸಿ ಮಣ್ಣಿನ ವಾಸನೆ ಹೊತ್ತ ಗಾಳಿ ಬಂತು. ಎಲೆ ಒಮ್ಮೆ ಅಲುಗಿತು, ನಿಂತಿತು, ಮತ್ತೆ ಅಲುಗಿತು.