ಇವತ್ತು ನಾನು ಪವಿತ್ರಕ್ಕ

ಸೊಸೆ ಪವಿತ್ರ ಸರಗೂರಿನ ಬಸ್ ನಿಲ್ದಾಣದ ಹತ್ತಿರ ಬೈಕ್ ರಿಪೇರಿ ಅಂಗಡಿ ಇಟ್ಟಾಗ ಸುನಂದಮ್ಮ ಬೇಡವೆನ್ನಲಿಲ್ಲ, ಮನಸಾರೆ ಒಪ್ಪಲೂ ಇಲ್ಲ. ತವರಿನಲ್ಲಿ ಅಣ್ಣನ ಗ್ಯಾರೇಜಿನಲ್ಲೇ ಆಡಿ ಬೆಳೆದು ಕೆಲಸ ಕಲಿತ ಹುಡುಗಿ ಅವಳು. ಮಗ ಕಾಂತರಾಜು ಹೊಲ ನೋಡಿಕೊಳ್ಳುತ್ತಿದ್ದ. ಹೆಂಡತಿಯ ಅಂಗಡಿಗೆ ಬೋರ್ಡು ಬರೆಸಿ ತಂದವನೂ ಅವನೇ. ಸುನಂದಮ್ಮ ಮಾತ್ರ, ನೆಂಟರು ಯಾರಾದರೂ ಕೇಳಿದರೆ, "ಅದೇ, ಒಂದಂಗ್ಡಿ ಇಟ್ಕಂಡವ್ಳೆ" ಎಂದು ಮಾತು ತೇಲಿಸಿಬಿಡುತ್ತಿದ್ದಳು.

ಮೊಮ್ಮಗಳು ರಮ್ಯಶ್ರೀಗೆ ನಾಲ್ಕು ತುಂಬಿದಾಗ ಅಜ್ಜಿ ಸಂತೆಯಿಂದ ಆಟದ ಅಡಿಗೆ ಸೆಟ್ಟು ತಂದಳು. ಬೆರಳುದ್ದದ ಸೌಟು, ಗುಲಾಬಿ ಬಣ್ಣದ ಕುಕ್ಕರು, ಗ್ಯಾಸ್ ಒಲೆ. ಮಗು ಖುಷಿಯಿಂದಲೇ ಇಸಕೊಂಡಿತು. ಸ್ವಲ್ಪ ಹೊತ್ತು ಬಿಟ್ಟು ಹೋಗಿ ನೋಡಿದರೆ, ಒಲೆಯನ್ನು ಮಗುಚಿ ಹಾಕಿಕೊಂಡು ಸೌಟಿನ ಹಿಡಿಯಿಂದ ಅದರ ಹೊಟ್ಟೆ ಕೆದಕುತ್ತಿತ್ತು.

"ಏನವ್ವ ಮಾಡ್ತಿದ್ದೀಯ?"

"ಇಂಜನ್ ಬಿಚ್ತಾವ್ನಿ ಅಜ್ಜಿ."

ಸಂಜೆ ಸುನಂದಮ್ಮ ಸೊಸೆಯ ಮುಂದೆ ಗೊಣಗಿದಳು. "ನಿನ್ನ ನೋಡ್ಕಂಡು ಈ ಮಗು ಒಲೆ ಮುಂದೆ ಕೂರಾದೇ ಕಲೀನಿಲ್ಲ ಕಣವ್ವ."

"ಅವರಪ್ಪನ್ನ ನೋಡಿ ಕಲ್ತ್ಕತದೆ ಬುಡಿ ಅತ್ತೆ" ಎಂದು ಪವಿತ್ರ ನಕ್ಕಳು. ಒಳಗೆ ಕಾಂತರಾಜು ಸಾರಿಗೆ ಒಗ್ಗರಣೆ ಹಾಕುತ್ತಿದ್ದ.

ಅಂಗನವಾಡಿಯ ಟೀಚರ್ ಸುಕನ್ಯ ಮಕ್ಕಳಿಗೆಂದು ಪ್ಲಾಸ್ಟಿಕ್ಕಿನ ರಿಪೇರಿ ಸಾಮಾನುಗಳ ಡಬ್ಬ ತಂದಿಟ್ಟಿದ್ದಳು. ಹಳದಿ ಸುತ್ತಿಗೆ, ಕೆಂಪು ಸ್ಪ್ಯಾನರ್, ಗರಗಸ, ತಿರುಗಿಸಿ ಕೂರಿಸುವ ದಪ್ಪ ಬೋಲ್ಟುಗಳು. ಒಂದು ಮಧ್ಯಾಹ್ನ ಮೊಮ್ಮಗಳನ್ನು ಕರೆತರಲು ಹೋದ ಸುನಂದಮ್ಮನಿಗೆ ಬಾಗಿಲ ಹೊರಗೇ ಜಗಳ ಕೇಳಿಸಿತು. ನಡುವೆ ಸೊಸೆಯ ಹೆಸರೂ ಬಂತು. ಮಕ್ಕಳ ಬಾಯಲ್ಲೂ ಆಡಿಕೊಳ್ಳುವ ಹಾಗಾಯಿತೇ ಎಂದು ಅವಳು ಅಲ್ಲೇ ನಿಂತಳು.

"ನೆನ್ನೆ ನೀನಾಗಿದ್ದೆ ಕಣ್ಲಾ. ಇವತ್ತು ನಾನು ಪವಿತ್ರಕ್ಕ" ಎಂದ ಒಬ್ಬ ಹುಡುಗ.

"ನಿಂಗೆ ಸ್ಪ್ಯಾನರ್ ಇಡಿಯಾಕೆ ಬರಾಕಿಲ್ಲ. ನಾನೇ ಪವಿತ್ರಕ್ಕ" ಎಂದ ಪಕ್ಕದ ಮನೆಯ ವಸಂತ್.

ರಮ್ಯಶ್ರೀ ಡಬ್ಬದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ನ್ಯಾಯ ಹೇಳಿತು. "ಕೈಗೆ ಮಸಿ ಇದ್ದೋರೇ ಪವಿತ್ರಕ್ಕ."

ಹುಡುಗರಿಬ್ಬರೂ ಸುನಂದಮ್ಮನನ್ನು ಸವರಿಕೊಂಡೇ ಹೊರಗೋಡಿ ಅಂಗಳದ ಕೆಸರಿಗೆ ಕೈ ಹಾಕಿದರು.

ಸುಕನ್ಯ ನಗುತ್ತಾ ಬಂದಳು. "ಪೊಲೀಸ್ ಆಗ್ರೋ, ಡ್ರೈವರ್ ಆಗ್ರೋ ಅಂದ್ರೂ ಬ್ಯಾಡ ಅಂತಾರೆ ಅಮ್ಮ. ಎಲ್ರೂ ನಿಮ್ ಸೊಸೇನೇ ಆಗ್ಬೇಕು. ಓದ ವಾರ ನನ್ ಸ್ಕೂಟರ್ ಕೆಟ್ಟಿತ್ತಲ್ಲ, ಬಂದು ಇಲ್ಲೇ ಬಾಗ್ಲಲ್ಲಿ ಸರಿ ಮಾಡುದ್ರು. ಮಕ್ಕಳ್ನ ಸುತ್ತ ಕೂರಿಸ್ಕಂಡು, ಒಂದೊಂದು ಸಾಮಾನೂ ಅವುಗಳ ಕೈಗೆ ಕೊಟ್ಟು ಹೆಸ್ರು ಏಳ್ಕೊಟ್ರು. ನಿಮ್ಗೆ ಏಳ್ನಿಲ್ವಾ?"

ಹೇಳಿರಲಿಲ್ಲ. ತಾನು ಕೇಳಿಯೂ ಇರಲಿಲ್ಲ ಎಂಬುದು ಸುನಂದಮ್ಮನಿಗೆ ಆಗ ಹೊಳೆಯಿತು.

ಮೊಣಕೈವರೆಗೂ ಕೆಸರು ಬಳಿದುಕೊಂಡು ಬಂದ ವಸಂತ್ ಅವಳೆದುರು ನಿಂತ. "ಏನಾಗದೆ ಅಜ್ಜಿ ನಿಮ್ ಗಾಡಿಗೆ?"

ಜನ್ಮದಲ್ಲಿ ಗಾಡಿ ಓಡಿಸದ ಸುನಂದಮ್ಮ ಅಲ್ಲಿದ್ದ ಪುಟ್ಟ ಕುರ್ಚಿಯ ಮೇಲೆ ಕಷ್ಟಪಟ್ಟು ಕೂತಳು. "ಏರು ಹತ್ತಾಕಿಲ್ಲ ಕಣಪ್ಪ. ಒಸಿ ನೋಡು, ಪವಿತ್ರಕ್ಕ."

ವಸಂತ್ ಕುರ್ಚಿಯ ಕಾಲಿಗೆ ಗಂಭೀರವಾಗಿ ಸ್ಪ್ಯಾನರ್ ಹಾಕಿದ. ಉಳಿದವರು ಉಸಿರು ಬಿಗಿಹಿಡಿದು ನೋಡಿದರು. ಸುನಂದಮ್ಮ ಕುರ್ಚಿ ಅಲುಗದಂತೆ ಕೂತಳು. ಊರಿನ ಗಂಡುಮಕ್ಕಳು ಆಸೆಪಟ್ಟು ಹೊತ್ತುಕೊಳ್ಳುವ ಹೆಸರು ತನ್ನ ಮನೆಯಲ್ಲಿತ್ತು.

ಅವತ್ತು ಅವಳು ಮೊಮ್ಮಗಳ ಕೈ ಹಿಡಿದು ಮನೆಯ ಕಡೆ ತಿರುಗಲಿಲ್ಲ. ನೇರ ಅಂಗಡಿಗೆ ನಡೆದಳು. ಗಿರಾಕಿಗಳು ಸರಿದು ಬೆಂಚಿನಲ್ಲಿ ಜಾಗ ಕೊಟ್ಟರು.

ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ಪವಿತ್ರ ಗಾಬರಿಯಿಂದ ತಲೆಯೆತ್ತಿದಳು. "ಯಾಕತ್ತೆ, ಈ ಬಿಸ್ಲಲ್ಲಿ? ಏನಾಯ್ತು?"

"ಏನೂ ಇಲ್ಲ ಕಣವ್ವ. ನೀನು ಕೆಲ್ಸ ಮಾಡೋದ ನೋಡನಾ ಅಂತ ಬಂದೆ. ನೀ ಮಾಡು."

ಪವಿತ್ರ ಒಂದು ಗಳಿಗೆ ಅತ್ತೆಯ ಮುಖವನ್ನೇ ನೋಡಿದಳು. ಆಮೇಲೆ ಬಗ್ಗಿ ಕೊನೆಯ ನಟ್ಟು ಬಿಗಿದು, ಎದ್ದು, ಕಿಕ್ಕರ್ ಒದ್ದಳು. ಇಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಬೆಂಚಿನ ಮೇಲೆ ಸುನಂದಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು, ಅಕ್ಕಪಕ್ಕದವರೂ ನೋಡಿದರೋ ಇಲ್ಲವೋ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದಳು.