ಹದಿಮೂರನೆಯ ತುಂಡು

ನಾನು ಒಂದು ಕೌದಿ. ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಸೂಜಿ ದಾರದಿಂದ ಸಾಲು ಸಾಲಾಗಿ ಹೊಲಿದ ಹೊದಿಕೆ. ಹರುಕು ಬಟ್ಟೆ ಎಂದು ಮೂಗು ಮುರಿಯುವವರು ಇದ್ದಾರೆ, ಮುರಿಯಲಿ ಬಿಡಿ. ಅಂಗಡಿಯ ರಗ್ಗಿಗೆ ಹುಟ್ಟುವ ಮೊದಲು ಬಾಳೇ ಇರುವುದಿಲ್ಲ. ನನ್ನ ಕಥೆ ಹಾಗಲ್ಲ. ಕೌದಿಯಾಗುವ ಮೊದಲೇ ನಾನು ಹನ್ನೆರಡು ಹೆಂಗಸರ ಮೈಮೇಲೆ ಬಾಳಿದ್ದೆ. ಅವರ ಜೊತೆ ಕಳೆ ಕಿತ್ತಿದ್ದೆ, ಒಲೆ ಮುಂದೆ ಹೊಗೆ ಕುಡಿದಿದ್ದೆ, ಅವರ ಕಣ್ಣೀರು ಒರೆಸಿದ್ದೆ. ಹನ್ನೆರಡು ಎಂದೆನೇ? ಎಲ್ಲರೂ ಹಾಗೇ ಹೇಳುತ್ತಿದ್ದರು, ನನಗೂ ಅದೇ ರೂಢಿಯಾಗಿದೆ. ನಿಜಕ್ಕೂ ನನ್ನಲ್ಲಿ ಹದಿಮೂರು ಸೀರೆಗಳಿವೆ. ಆ ಹದಿಮೂರನೆಯದರ ಸಲುವಾಗಿಯೇ ನಾನು ಈ ವಯಸ್ಸಿನಲ್ಲಿ ಬಾಯಿ ಬಿಡುತ್ತಿರುವುದು.

ನಮ್ಮ ಊರು ಬನ್ನಿಮಟ್ಟಿ, ಎರೆಹೊಲಗಳ ನಡುವಿನ ಸಣ್ಣ ಊರು. ಒಂದು ದಿನ ಬೆಳಿಗ್ಗೆ ಸುನಂದಕ್ಕ ಎಂಬವರು ಬಂದರು. ತೀರಾ ಬಡತನದಲ್ಲಿರುವ ಹೆಂಗಸರನ್ನು ಹುಡುಕಿ ಕೈಹಿಡಿಯುವ ಒಂದು ಸಂಸ್ಥೆಯಲ್ಲಿ ಅವರ ಕೆಲಸ. ಹೆಂಗಸರನ್ನೆಲ್ಲ ಶಾಲೆಯ ಅಂಗಳದಲ್ಲಿ ಕೂಡಿಸಿ, ರಂಗೋಲಿ ಪುಡಿಯ ಡಬ್ಬಿಯನ್ನೂ ಒಂದು ಬುಟ್ಟಿ ಹುಣಸೆ ಬೀಜವನ್ನೂ ನಡುವೆ ಇಟ್ಟರು.

“ಈ ಊರಾಗ ಯಾರು ಬಡವ್ರು ಅಂತ ನನಗೇನ್ ಗೊತ್ರಿ? ನಿಮಗ ಗೊತ್ತು. ನಿಮ್ಮ ಊರಿನ ನಕ್ಷಾ ನೀವ ಬಿಡಸ್ರಿ. ಒಂದೊಂದ ಮನಿಗೆ ಒಂದೊಂದ ಚೌಕ. ದಿನಾ ಒಲಿ ಹತ್ತೂ ಮನಿ ಮುಂದ ಕೈತುಂಬ ಬೀಜ ಇಡ್ರಿ. ಒಲಿ ಹತ್ತದ ಮನಿಗೆ ಒಂದ ಬೀಜ.”

ಒಂಟಿ ಬೀಜದ ಮನೆಯವಳಿಗೆ ಎರಡು ಆಡು, ವಾರ ವಾರ ಜೋಳ ಬೇಳೆ, ಕಲಿಯಲು ಒಂದು ಕೆಲಸ, ಎರಡು ವರ್ಷ ಬೆನ್ನಿಗೆ ನಿಲ್ಲುವ ಮಾತು. ಈ ಸಲ ಹನ್ನೆರಡು ಮನೆಗಳಿಗೆ ಮಾತ್ರ ಆಗುತ್ತದೆ ಎಂದು ಸುನಂದಕ್ಕ ಮುಚ್ಚುಮರೆಯಿಲ್ಲದೆ ಹೇಳಿದರು.

ನಕ್ಷೆ ಬಿಡಿಸಲು ಕೂತವಳು ಕಲ್ಲವ್ವ. ರಂಗೋಲಿಯಲ್ಲಿ ಅವಳನ್ನು ಮೀರಿಸುವವರು ಊರಲ್ಲಿ ಇರಲಿಲ್ಲ. ಗಂಡ ತೀರಿಕೊಂಡಿದ್ದ, ಇಬ್ಬರು ಹೆಣ್ಣುಮಕ್ಕಳಿಗೆ ಅಂಬಲಿ ಕುಡಿಸಿ ತಾನು ನೀರು ಕುಡಿದು ಮಲಗುವವಳು. ಅವಳ ಕೈ ಓಡಿದಂತೆ ಊರು ನೆಲದ ಮೇಲೆ ಮೂಡಿತು: ಗುಡಿ, ಬಾವಿ, ಓಣಿ, ಮನೆ ಮನೆ. ಹೆಂಗಸರು ಬಗ್ಗಿ ಬಗ್ಗಿ ಬೀಜ ಇಟ್ಟರು. “ಏ, ನಿನ್ನ ಮನಿಗೆ ಒಂದ ಬೀಜ ಯಾಕ? ನಿನ್ನೆ ಹೋಳಿಗಿ ವಾಸನಿ ಬಡೀತಿತ್ತಲ್ಲ!” ಎಂದು ಒಬ್ಬರನ್ನೊಬ್ಬರು ಕಾಲೆಳೆದು ನಕ್ಕರು. ಆಗ ನಾನು ಅಲ್ಲೇ ಇದ್ದೆ, ಹನ್ನೆರಡು ಮೈಗಳಿಗೆ ಹಂಚಿಹೋಗಿ.

ನನ್ನ ಹದಿಮೂರನೆಯ ತುಂಡು ಗೇಟಿನ ಹೊರಗೆ ಬೇವಿನ ಮರದಡಿ ನಿಂತಿತ್ತು. ಕಂದು ಬಣ್ಣದ ಸೀರೆ, ಹಳದಿ ಅಂಚು, ಅದರೊಳಗೆ ಕೆಮ್ಮುತ್ತಿದ್ದ ಕೆಂಚವ್ವ.

ಕೆಂಚವ್ವನಿಗೆ ಮನೆ ಇರಲಿಲ್ಲ. ಒಬ್ಬಳೇ ಮಗಳನ್ನು ಚಿಕ್ಕವಳಿದ್ದಾಗಲೇ ದೂರದ ನೆಂಟರಲ್ಲಿ ಬಿಟ್ಟು, ತಾನು ಹಾಳುಬಿದ್ದ ಎಣ್ಣೆ ಗಾಣದ ಗೋಡೆಗೆ ಒರಗಿಕೊಂಡು ಬದುಕುತ್ತಿದ್ದಳು. ಮೇಲೆ ಸೂರಿಲ್ಲ, ಮುಂದೆ ಬಾಗಿಲಿಲ್ಲ, ಹೊಸ್ತಿಲಂತೂ ಇಲ್ಲವೇ ಇಲ್ಲ. ನಮ್ಮ ಹೆಂಗಸರ ಲೆಕ್ಕದಲ್ಲಿ ಮನೆ ಎಂದರೆ ಹೊಸ್ತಿಲು. ರಂಗೋಲಿ ಬೀಳುವುದೇ ಅಲ್ಲಿ. ಹೊಸ್ತಿಲಿಲ್ಲದವಳಿಗೆ ಚೌಕ ಬಿಡಿಸಬೇಕು ಎಂದು ಅವರಿಗೆ ಹೊಳೆಯಲೇ ಇಲ್ಲ. ಕೆಟ್ಟ ಮನಸ್ಸಿನಿಂದಲ್ಲ, ದೇವರಾಣೆಗೂ ಅಲ್ಲ. ಅವಳು ಎಲ್ಲರಿಗೂ ಕಾಣುತ್ತಿದ್ದಳು, ನಕ್ಷೆಯಲ್ಲಿ ಮಾತ್ರ ಕಾಣಲಿಲ್ಲ.

ಹೊಳೆದದ್ದು ಕಲ್ಲವ್ವನಿಗೆ ಒಬ್ಬಳಿಗೆ. ಬುಟ್ಟಿಯಿಂದ ಒಂದು ಬೀಜ ತೆಗೆದುಕೊಂಡಳು. ಗಾಣದ ಜಾಗದ ಮೇಲೆ ಅವಳ ಕೈ ನಿಂತಿತು. ಗೇಟಿನ ಆಚೆ ಕೆಂಚವ್ವ ಅವಳನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಒಂಟಿ ಬೀಜದ ಚೌಕಗಳು ಹನ್ನೆರಡಾಗಿದ್ದವು, ಹನ್ನೆರಡನೆಯದು ಕಲ್ಲವ್ವನದೇ. ಬೀಜ ಹಿಡಿದ ಮುಷ್ಟಿ ಮುಚ್ಚಿತು.

“ಎಲ್ಲಾರೂ ಬಂದ್ರೇನ್ರವ್ವಾ? ಯಾರೂ ಉಳದಿಲ್ಲಲ್ಲ?” ಎಂದು ಸುನಂದಕ್ಕ ಕೇಳಿದರು.

“ಎಲ್ಲಾರೂ ಬಂದ್ರು ಅಕ್ಕಾರ,” ಎಂದಳು ಕಲ್ಲವ್ವ.

ಆ ಬೀಜವನ್ನು ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆ ಸೆರಗು ನಾನೇ. ಒಂದು ಹುಣಸೆ ಬೀಜ ಅಷ್ಟು ಭಾರ ಇರುತ್ತದೆಂದು ಅಂದೇ ನನಗೆ ಗೊತ್ತಾದದ್ದು. ಮರದಡಿ ಎರಡು ಸಲ ಕೆಮ್ಮು ಕೇಳಿತು, ಆಮೇಲೆ ಕೆಂಚವ್ವ ಹೊರಟುಹೋದಳು.

ಸಂಸ್ಥೆಯವರು ಆಡಿದ ಮಾತು ತಪ್ಪಲಿಲ್ಲ. ಆಡುಗಳು ಬಂದವು, ಜೋಳ ಬಂತು. ಸುನಂದಕ್ಕ ವಾರಕ್ಕೊಮ್ಮೆ ಬಂದು ಹನ್ನೆರಡು ಮನೆಯ ಒಲೆಯನ್ನೂ ಇಣುಕಿ ನೋಡಿಯೇ ಹೋಗುತ್ತಿದ್ದರು. ಕಲ್ಲವ್ವನ ಹೆಣ್ಣುಮಕ್ಕಳ ಕೆನ್ನೆ ತುಂಬಿಕೊಂಡವು. ಆದರೆ ಅವಳು ಗಾಣದ ದಾರಿ ಬಿಟ್ಟು ಸುತ್ತು ಹಾಕಿ ಬಾವಿಗೆ ಹೋಗತೊಡಗಿದಳು. ಒಮ್ಮೆ ರೊಟ್ಟಿ ಕಟ್ಟಿಕೊಂಡು ಅರ್ಧ ದಾರಿ ಹೋಗಿ ತಿರುಗಿ ಬಂದಳು. ಯಾವ ಮುಖ ಇಟ್ಟುಕೊಂಡು ಕೊಡುವುದು?

ಪುಷ್ಯ ಮಾಸದ ಚಳಿಗೆ ಕೆಂಚವ್ವ ಉಳಿಯಲಿಲ್ಲ. ಬೆಳಿಗ್ಗೆ ಕಟ್ಟಿಗೆಗೆ ಹೋದವರು ನೋಡಿದಾಗ, ಮಂಡಿ ತಬ್ಬಿಕೊಂಡು ಗೋಡೆಗೆ ಒರಗಿಯೇ ಇದ್ದಳಂತೆ. ಊರವರು ಹೊಸ ಬಟ್ಟೆ ಹೊದಿಸಿ ಮಣ್ಣು ಮಾಡಿದರು. ಅವಳ ಮೈಮೇಲಿದ್ದ ಕಂದು ಸೀರೆಯನ್ನು ಜಾಲಿಯ ಬೇಲಿಗೆ ಎಸೆದರು, ಸತ್ತವಳ ಸೀರೆಯನ್ನು ಯಾರೂ ಮುಟ್ಟಲಿಲ್ಲ. ಮೂರನೇ ದಿನ ಕಲ್ಲವ್ವ ಹೋಗಿ ಅದನ್ನು ಮುಳ್ಳಿನಿಂದ ಬಿಡಿಸಿ ತಂದು, ಒಗೆದು, ಬಚ್ಚಿಟ್ಟಳು.

ಮರುವರ್ಷ ಹನ್ನೆರಡು ಹೆಂಗಸರು ಕೂಡಿ ಪೇಟೆಗೆ ಕೌದಿ ಹೊಲಿಯುವ ಕೆಲಸ ಶುರುಮಾಡಿದರು. ಮೊದಲ ಕೌದಿ ನಾನು. ಪ್ರತಿಯೊಬ್ಬಳೂ ತನ್ನದೊಂದು ಹಳೇ ಸೀರೆ ತಂದಳು. ಕಲ್ಲವ್ವ ಎರಡು ತಂದಳು, ಒಂದನ್ನು ಇನ್ನೊಂದರೊಳಗೆ ಮಡಚಿಟ್ಟು. ನಡುಭಾಗ ಅವಳ ಪಾಲಿಗೆ ಬಂದಿತ್ತು. ಯಾರೂ ನೋಡದಾಗ ಕಂದು ತುಂಡನ್ನು ಅಲ್ಲಿಟ್ಟು ಹೊಲಿದಳು. ಆ ತುಂಡು ಬಂದು ಕೂತದ್ದೇ ತಡ, ನನಗೆ ನಡುಕ ಹುಟ್ಟಿತು. ಉಳಿದ ಹನ್ನೆರಡೂ ಬೆಚ್ಚಗಿದ್ದವು, ಅದೊಂದು ಬಾವಿಯ ಕಲ್ಲಿನಂತೆ ತಣ್ಣಗಿತ್ತು.

ನಮ್ಮ ಕಡೆ ಕೌದಿಯ ಕೊನೆಯ ಮೂಲೆಯನ್ನು ಸುಮ್ಮನೆ ಮುಚ್ಚುವುದಿಲ್ಲ. ಅದು ಕೌದಿಯ ಹೊಟ್ಟೆ. ಅದರೊಳಗೆ ಒಂದು ಚೂರು ರೊಟ್ಟಿ, ಒಂದು ಹರಳು ಬೆಲ್ಲ ಇಟ್ಟು, “ನೀ ಹೋದ ಮನಿ ಹಸೀಬಾರದು” ಎಂದು ಹೇಳಿ ಹೊಲಿಗೆ ಹಾಕುತ್ತಾರೆ. ಒಮ್ಮೆ ಮುಚ್ಚಿದ ಹೊಟ್ಟೆಯನ್ನು ಮತ್ತೆ ಬಿಚ್ಚುವಂತಿಲ್ಲ. ಬಿಚ್ಚಿದವಳ ಒಲೆ ಆರುತ್ತದೆ ಎಂಬ ಹೆದರಿಕೆ. ನನ್ನ ಹೊಟ್ಟೆ ಮುಚ್ಚಿದವಳು ಕಲ್ಲವ್ವ. ರೊಟ್ಟಿ ಬೆಲ್ಲದ ಜೊತೆ ಅವಳು ಆ ಹುಣಸೆ ಬೀಜವನ್ನೂ ಒಳಗಿಟ್ಟಳು. ಬೀಜ ಕಣ್ಣಿಗೆ ಬೀಳದಿದ್ದರೆ ಸಾಕಿತ್ತು ಅವಳಿಗೆ, ಪಾಪ.

ಮಾರಲು ಹೊಲಿದ ನನ್ನನ್ನು ಸಂಸ್ಥೆಯವರು ಮಾರಲಿಲ್ಲ. ಮೊದಲ ಕೌದಿ ಎಂದು ಅಕ್ಕರೆಯಿಂದ ಪಟ್ಟಣದ ಕಚೇರಿಗೆ ಒಯ್ದು, ಮೊಳೆ ಹೊಡೆದು ಗೋಡೆಗೆ ತೂಗುಹಾಕಿದರು. ಅಯ್ಯೋ, ನನ್ನ ಗತಿಯೇ! ಮನುಷ್ಯರ ಮೈ ಬೆಚ್ಚಗಿಡಬೇಕಾದ ನಾನು ಎಂಟು ವರ್ಷ ಸುಣ್ಣದ ಗೋಡೆಗೆ ಹೊದಿಕೆಯಾದೆ. ನನ್ನ ಸಿಟ್ಟು ಹಾಳಾಗಲಿ, ಗೋಡೆಗೆ ಒರಗಿ ಸತ್ತ ಕೆಂಚವ್ವ ಮತ್ತೆ ಗೋಡೆಗೇ ಬಂದು ಬಿದ್ದಿದ್ದಳು.

ಬಂದವರಿಗೆಲ್ಲ ಸುನಂದಕ್ಕ ನನ್ನನ್ನು ತೋರಿಸುತ್ತಿದ್ದರು. “ಹನ್ನೆರಡು ಹೆಣ್ಣುಮಕ್ಕಳ ಸೀರಿ ಇವು. ಆ ಊರಾಗ ನಾವು ಒಂದ ಬಡ ಮನೀನೂ ಬಿಟ್ಟಿಲ್ರಿ,” ಎನ್ನುತ್ತಿದ್ದರು. ಅವರು ಸುಳ್ಳು ಹೇಳುವವರಲ್ಲ, ತಾವು ನಂಬಿದ್ದನ್ನೇ ಹೇಳುತ್ತಿದ್ದರು. ಆ ಮಾತು ಬಂದಾಗಲೆಲ್ಲ ನನ್ನ ನಡುವಿನಿಂದ ಕೆಮ್ಮು ಏಳುತ್ತಿತ್ತು. ಎರಡೇ ಸಲ. ಬಂದವರು ಹಿಂತಿರುಗಿ ನೋಡುತ್ತಿದ್ದರು, ಯಾರೂ ಇರುತ್ತಿರಲಿಲ್ಲ. ಒಮ್ಮೆ ಸುನಂದಕ್ಕ ಕಂದು ತುಂಡಿನ ಮೇಲೆ ಕೈಯಿಟ್ಟು, “ಇಲ್ಲಷ್ಟ ಯಾಕ ಇಷ್ಟು ಥಂಡಿ ಐತಿ?” ಎಂದು ಹುಬ್ಬು ಗಂಟಿಕ್ಕಿದರು. ಗೋಡೆಯ ತೇವವಿರಬೇಕೆಂದು ಬೇರೆ ಗೋಡೆಗೆ ಹಾಕಿಸಿದರು. ಮಾಳಿಗೆಯ ಮೇಲೆ ಬಿಸಿಲಿಗೂ ಹಾಕಿಸಿದರು. ಸುತ್ತಲಿನ ತುಂಡುಗಳು ಕೈ ಸುಡುವಷ್ಟು ಕಾದವು, ಅದು ಮಾತ್ರ ಹಾಗೇ ಉಳಿಯಿತು.

ಎಂಟನೇ ವರ್ಷ ಸಂಸ್ಥೆ ಬನ್ನಿಮಟ್ಟಿಯಲ್ಲಿ ಎರಡನೇ ಸುತ್ತಿನ ಕೆಲಸಕ್ಕೆ ಹೊರಟಿತು. ಹೊಸ ಹೆಂಗಸರಿಗೆ ತೋರಿಸಲು ನನ್ನನ್ನೂ ಒಯ್ದರು. ಅದೇ ಅಂಗಳ, ಅದೇ ರಂಗೋಲಿ ಡಬ್ಬಿ. ಕಲ್ಲವ್ವನ ಮನೆಗೆ ಈಗ ಹೆಂಚು ಬಂದಿತ್ತು, ಹಟ್ಟಿಯಲ್ಲಿ ಹತ್ತು ಆಡುಗಳಿದ್ದವು. ಆದರೂ ಶಾಲೆಯ ಕಿಟಕಿಗೆ ತೂಗುಹಾಕಿದ್ದ ನನ್ನನ್ನು ಕಂಡದ್ದೇ ಅವಳ ಮುಖ ಸುಣ್ಣದಂತಾಯಿತು. ನಕ್ಷೆ ಬಿಡಿಸಲು ಮತ್ತೆ ಅವಳನ್ನೇ ಕೂರಿಸಿದ್ದರು, ಹೇಗೋ ಮುಗಿಸಿದಳು. ಗಾಣದ ಜಾಗವನ್ನು ಈ ಸಲವೂ ಖಾಲಿ ಬಿಟ್ಟಳು.

ಮಟಮಟ ಮಧ್ಯಾಹ್ನ. ಬಾವಿಗೆ ಹೋಗಿದ್ದ ಒಬ್ಬಾಕೆ ಕೊಡ ಬಿಸಾಕಿ ಓಡಿ ಬಂದಳು.

“ಯವ್ವಾ! ಕೆಂಚವ್ವ ಕುಂತಾಳ! ಗಾಣದ ಗ್ವಾಡಿಗೆ! ಹಂಗ ಮಂಡಿ ಹಿಡಕೊಂಡು, ಹಂಗ!”

ಸುನಂದಕ್ಕ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಒಬ್ಬ ಎಳೆಯ ಹೆಂಗಸನ್ನು ಕೈಹಿಡಿದು ಕರೆತಂದರು. ಅವಳ ಕಂಕುಳಲ್ಲಿ ಹೆಣ್ಣುಕೂಸು. ಮುಖವೆಲ್ಲ ಕೆಂಚವ್ವನದೇ. ಅವಳು ಕೆಂಚವ್ವನ ಮಗಳು ನಿಂಬೆವ್ವ. ಗಂಡ ಹೊರಗೆ ಹಾಕಿದ್ದ, ನೆಂಟರು ಬಾಗಿಲು ತೆರೆದಿರಲಿಲ್ಲ, ತಾಯಿಯನ್ನು ಹುಡುಕಿಕೊಂಡು ಬಂದಿದ್ದಳು. ನೆರಳಿದೆಯೆಂದು ಗಾಣದ ಗೋಡೆಗೆ ಕೂತಿದ್ದಳಷ್ಟೆ.

“ನಮ್ಮವ್ವನ ಮನಿ ಯಾವ್ದ್ರಿ?” ಎಂದು ಕೇಳಿದಳು.

ಸುನಂದಕ್ಕ ಸುತ್ತ ನೋಡಿದರು. “ಕೆಂಚವ್ವ ಅಂದ್ರ ಯಾರು? ಆ ಹೆಸರ ನಾ ಕೇಳೇ ಇಲ್ಲಲ್ಲ!”

“ಆಕಿಗೆ ಮನೀನ ಇರಲಿಲ್ರಿ ಅಕ್ಕಾರ, ಗಾಣದ ಗ್ವಾಡಿಗೆ ಇದ್ದಾಕಿ, ನೀವು ಬಂದ ವರ್ಷದ ಥಂಡ್ಯಾಗ ಸತ್ತಳು,” ಎಂದಳು ಒಬ್ಬಾಕೆ ಮೆಲ್ಲಗೆ. “ಮನಿ ಇಲ್ಲದಾಕಿನ್ನ ಎಲ್ಲಿ ಬಿಡಸೂದು?”

ಕಲ್ಲವ್ವ ಎದ್ದಳು. ನೇರ ನನ್ನ ಹತ್ತಿರ ಬಂದು ಕಿಟಕಿಯಿಂದ ಎಳೆದುಕೊಂಡಳು. ಕೊನೆಯ ಮೂಲೆಯನ್ನು ಹುಡುಕಿ ದಾರಕ್ಕೆ ಹಲ್ಲು ಹಾಕಿದಳು.

“ಏ ಕಲ್ಲವ್ವಾ, ಹೊಟ್ಟಿ ಬಿಚ್ಚಬ್ಯಾಡ! ಒಲಿ ಆರತೈತಿ!” ಎಂದು ಹೆಂಗಸರು ಚೀರಿದರು.

“ಆರ್ಲಿ ಬಿಡ್ರೆ!” ಎಂದಳು. ಟರ್ರನೆ ಹರಿಯಿತು. ನೋವಾಯಿತು, ಸುಳ್ಳೇಕೆ ಹೇಳಲಿ. ಪುಡಿಯಾದ ರೊಟ್ಟಿಯ ನಡುವಿನಿಂದ ಬೀಜ ಅವಳ ಅಂಗೈಗೆ ಬಿತ್ತು.

“ಇದು ಕೆಂಚವ್ವನ ಬೀಜ. ಅವತ್ತ ಕೈಯಾಗ ಹಿಡದಿದ್ದೆ. ಇಟ್ಟಿದ್ರ ಹದಿಮೂರ ಆಗ್ತಿತ್ತು, ನನ್ನ ಮನಿ ಹೋಗ್ತಿತ್ತು. ಮಕ್ಕಳ ಮುಖ ಕಣ್ಣಮುಂದ ಬಂತು. ಎಲ್ಲಾರೂ ಬಂದ್ರು ಅಂತ ಅಂದ್ಬಿಟ್ಟೆ, ಅಕ್ಕಾರ.” ಅವಳು ನಕ್ಷೆಯ ಮುಂದೆ ಕುಸಿದು, ಗಾಣದ ಜಾಗದಲ್ಲಿ ಒಂದು ಚೌಕ ಬಿಡಿಸಿ ಬೀಜ ಇಟ್ಟಳು. ಚೌಕ ಸೊಟ್ಟಗಾಯಿತು. ರಂಗೋಲಿಯಲ್ಲಿ ಊರಿಗೇ ಮೊದಲಿಗಳಾದವಳ ಕೈ ಅದು.

ಸುನಂದಕ್ಕ ಬೆರಳಿನಿಂದ ಆ ಚೌಕವನ್ನು ಮುಟ್ಟಿದರು. “ನಾನರ ಒಮ್ಮೆ ಊರು ಸುತ್ತಿ ನೋಡಬೇಕಿತ್ತು,” ಎಂದರು. ಆಮೇಲೆ ಪಟ್ಟಿಯಲ್ಲಿ ಮೊದಲ ಹೆಸರಾಗಿ ನಿಂಬೆವ್ವನದನ್ನು ಬರೆದರು. ಈಗ ಅವರು ಯಾವ ಊರಿಗೆ ಹೋದರೂ ಮೊದಲು ಕಾಲ್ನಡಿಗೆಯಲ್ಲಿ ಊರು ಸುತ್ತಿ, ಬಾಗಿಲಿಲ್ಲದವರನ್ನು ಹುಡುಕಿಯೇ ರಂಗೋಲಿ ಡಬ್ಬಿ ತೆಗೆಯುತ್ತಾರಂತೆ.

ಕಲ್ಲವ್ವ ನನ್ನನ್ನು ನಿಂಬೆವ್ವನ ಮೈಮೇಲೆ ಹೊದಿಸಲು ಬಂದಳು. ನಿಂಬೆವ್ವನ ಕಣ್ಣಿಗೆ ಹಳದಿ ಅಂಚು ಬಿತ್ತು. ತುಂಡನ್ನು ಹಿಡಿದು ಮೂಸಿದಳು. “ನಮ್ಮವ್ವನ ಸೀರಿ,” ಎಂದಳು. ನನ್ನನ್ನು ಕಿತ್ತುಕೊಂಡು ಎದೆಗವಚಿಕೊಂಡಳು. ಕಲ್ಲವ್ವನ ಮುಖವನ್ನೇ ನೋಡಿ ಕೇಳಿದಳು, “ಈಗ ಬೀಜ ಇಟ್ರ ನಮ್ಮವ್ವ ಎದ್ದು ಬರ್ತಾಳೇನ?”



ಈಗ ನನಗೆ ವಯಸ್ಸಾಗಿದೆ. ಹೊಲಿಗೆ ಸಡಿಲಾಗಿದೆ, ಒಂದು ಅಂಚನ್ನು ಆಡುಮರಿ ತಿಂದುಬಿಟ್ಟಿದೆ, ತುಂಟ ಮುಂಡೇದು. ನಿಂಬೆವ್ವನಿಗೆ ಗಾಣದ ಗೋಡೆಯ ಪಕ್ಕದಲ್ಲೇ ಒಂದು ಕೋಣೆಯಾಗಿದೆ. ಗೋಡೆ ಏಳುವ ಮೊದಲೇ ಹೊಸ್ತಿಲು ಹಾಕಿಸಿದಳು. ನನ್ನ ಹೊಟ್ಟೆಗೆ ಬಿಸಿ ರೊಟ್ಟಿಯ ಚೂರು ಇಟ್ಟು ತಾನೇ ಮತ್ತೆ ಹೊಲಿದಳು. ಕಲ್ಲವ್ವನ ಒಲೆ ಆರಲಿಲ್ಲ. ವಾರಕ್ಕೊಮ್ಮೆ ಅವಳು ನಿಂಬೆವ್ವನ ಆಡುಗಳಿಗೆ ಸೊಪ್ಪು ಹೊತ್ತು ತರುತ್ತಾಳೆ. ನಿಂಬೆವ್ವ ಚಹಾ ಕೊಡುತ್ತಾಳೆ, ಒಳಗೆ ಬಾ ಎಂದು ಮಾತ್ರ ಇನ್ನೂ ಅಂದಿಲ್ಲ. ಕಲ್ಲವ್ವ ಹೊಸ್ತಿಲ ಹೊರಗೇ ಕೂತು ಕುಡಿದು ಹೋಗುತ್ತಾಳೆ.

ದಿನಾ ಬೆಳಿಗ್ಗೆ ನಿಂಬೆವ್ವ ಹೊಸ್ತಿಲಿಗೆ ರಂಗೋಲಿ ಹಾಕುತ್ತಾಳೆ. ಆಮೇಲೆ ನಾಲ್ಕು ಹೆಜ್ಜೆ ನಡೆದು, ಬಾಗಿಲಿಲ್ಲದ ಗಾಣದ ಗೋಡೆಯ ಮುಂದೆಯೂ ಒಂದು ಸಣ್ಣ ಚೌಕ ಬಿಡಿಸುತ್ತಾಳೆ. ನನ್ನೊಳಗಿನ ಕೆಮ್ಮು ಅಷ್ಟು ಹೊತ್ತು ನಿಂತಿರುತ್ತದೆ. ನಾನು ಕೌದಿ, ಬೆಚ್ಚಗಿಡುವುದೊಂದೇ ನನಗೆ ಗೊತ್ತಿರುವ ಕೆಲಸ, ಅದನ್ನು ಒಬ್ಬಳಿಗೆ ಮಾಡಲಾಗದೇ ಹೋಯಿತು. ಎಷ್ಟು ಬಿಸಿಲಿಗೆ ಹಾಕಿದರೂ ಆ ಹದಿಮೂರನೆಯ ತುಂಡು ಇಂದಿಗೂ ತಣ್ಣಗೇ ಇದೆ. ನಿಂಬೆವ್ವ ಅದನ್ನೇ ಎದೆಗೆ ಹಚ್ಚಿಕೊಂಡು ಮಲಗುತ್ತಾಳೆ.